ಹೊಳಪಿನ ಕೆಳಗಿನ ನದಿ
(ಉಪನ್ಯಾಸದ ಲಿಖಿತ ರೂಪ)



ಸಹ್ಯಾದ್ರಿಯ ಮೇಲೆ ಬಿದ್ದ ಮಳೆಯ ಒಂದು ಪಾಲು ಪಶ್ಚಿಮಕ್ಕೆ ಧುಮುಕಿ ಬೇಗನೆ ಕಡಲನ್ನು ಸೇರುತ್ತದೆ; ಇನ್ನೊಂದು ಪಾಲು ಪೂರ್ವಕ್ಕೆ ಹೊರಳಿ ದೀರ್ಘ ಪಯಣವನ್ನು ಕೈಗೊಳ್ಳುತ್ತದೆ. ವೇದಗಂಗಾ ಮತ್ತು ದೂಧಗಂಗಾ ನದಿಗಳು ಎರಡನೆಯ ಪಾಲಿಗೆ ಸೇರಿದವು. ಸಹ್ಯಾದ್ರಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಇವು ನಿಪ್ಪಾಣಿಯ ಸೀಮೆಯಲ್ಲಿ ಒಂದಾಗಿ, ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಕೂಡುತ್ತವೆ. ಅಲ್ಲಿಂದ ಮುಂದೆ ಕೃಷ್ಣೆಯು ಕಾಗವಾಡ, ರಾಯಬಾಗ, ಅಥಣಿಗಳ ಹೊಲಗಳ ನಡುವೆ ಹರಿಯುತ್ತದೆ. ಬೆಟ್ಟದವರು ಕಳುಹಿಸಿದ ನೀರನ್ನು ಬಯಲಿನವರು ಬಳಸುತ್ತಾರೆ. ಆದರೆ ಆ ನೀರಿನೊಳಗೆ ಏನಿದೆ ಎಂಬುದನ್ನು ಬೆಟ್ಟದವರೂ ಬಯಲಿನವರೂ ಎಷ್ಟರಮಟ್ಟಿಗೆ ನೋಡಿದ್ದಾರೆ?

ಬೇಸಿಗೆಯ ನಡುಹಗಲಿನಲ್ಲಿ ಕುಡಚಿಯ ಸೇತುವೆಯ ಮೇಲೆ ನಿಂತು ಕೃಷ್ಣೆಯತ್ತ ನೋಡುವವರಿಗೆ ಮೊದಲು ಕಾಣುವುದು ನದಿಯಲ್ಲ, ಆಕಾಶ. ನೀರಿನ ಮೈಮೇಲೆ ಬಿಳಿ ಹೊಳಪು ಹಾಸಿಕೊಂಡಿರುತ್ತದೆ. ಸೇತುವೆಯ ನೆರಳು ಬಿದ್ದ ಪಟ್ಟಿಯಲ್ಲಿ ಮಾತ್ರ, ನೀರು ತಿಳಿಯಾಗಿದ್ದರೆ, ಕಲ್ಲು, ಪಾಚಿ, ಓಡಾಡುವ ಮರಿಮೀನುಗಳು ಗೋಚರಿಸುತ್ತವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು ದೇವರ ಮೀನುಗಳನ್ನು ನೋಡಿದವರಿಗೂ ಇದು ಹೊಸ ಅನುಭವವಲ್ಲ. ಒಂದು ಕಡೆಯಿಂದ ಸ್ಫುಟವಾಗಿ ಕಂಡ ಮೀನು ನಾಲ್ಕು ಹೆಜ್ಜೆ ಸರಿದು ನಿಂತೊಡನೆ ಮಾಯವಾಗುತ್ತದೆ. ಮೀನು ಎಲ್ಲಿಯೂ ಹೋಗಿರುವುದಿಲ್ಲ. ನೋಡುವವರ ಕಣ್ಣಿಗೆ ಆಕಾಶವು ಅಡ್ಡ ಬಂದಿರುತ್ತದೆ.

ಈ ಅಡ್ಡಿಯನ್ನು ನಿವಾರಿಸುವ ಸಾಧನವೇ ಧ್ರುವೀಕರಣ ಕನ್ನಡಕ, ಅಂದರೆ ಅಂಗಡಿಗಳಲ್ಲಿ ಪೋಲರೈಸ್ಡ್ ಗ್ಲಾಸ್ ಎಂದು ಮಾರಾಟವಾಗುವ ತಂಪು ಕನ್ನಡಕ. ಇದನ್ನು ಅತ್ಯಂತ ಅವಶ್ಯವೆಂದು ಭಾವಿಸುವವರು ಫ್ಲೈ ಫಿಶಿಂಗ್ ಎಂಬ ಗಾಳದ ವಿದ್ಯೆಯನ್ನು ಅಭ್ಯಾಸ ಮಾಡುವವರು. ಕೃಷ್ಣೆಯ ದಡದಲ್ಲಿ ಬಲೆಯೂ ಎರೆಹುಳು ಸಿಕ್ಕಿಸಿದ ಗಾಳವೂ ರೂಢಿಯಲ್ಲಿವೆ. ಈ ವಿದ್ಯೆ ಇಲ್ಲಿಯದಲ್ಲ. ಇದರಲ್ಲಿ ಗಾಳದ ಕೊಕ್ಕೆಗೆ ಹಕ್ಕಿಯ ಗರಿ ಹಾಗೂ ದಾರವನ್ನು ಸುತ್ತಿ ನೀರಿನ ಕೀಟದ ರೂಪವನ್ನು ಕೊಡಲಾಗುತ್ತದೆ. ಅದಕ್ಕೆ ತೂಕವೇ ಇಲ್ಲದ ಕಾರಣ ದಪ್ಪ ದಾರದ ಭಾರದಿಂದಲೇ ಅದನ್ನು ಬೀಸಿ, ಮೀನು ಇರುವ ಸ್ಥಳದಲ್ಲಿ ಕೀಟವೊಂದು ಇಳಿದಂತೆ ಇಳಿಸಬೇಕು. ಎರೆಯ ವಾಸನೆಗೆ ಮೀನು ತಾನಾಗಿ ಬರಲೆಂದು ಕಾಯುವ ಪದ್ಧತಿ ಇದಲ್ಲ. ಮೊದಲು ಮೀನನ್ನು ಕಾಣಬೇಕು, ಅದು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ, ಏನನ್ನು ತಿನ್ನುತ್ತಿದೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ಈ ವಿದ್ಯೆಯಲ್ಲಿ ಕೈಗಿಂತ ಕಣ್ಣಿಗೆ ಹೆಚ್ಚಿನ ಕೆಲಸ.

ಕನ್ನಡಕ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸರಳವಾಗಿ ಹೀಗೆ ವಿವರಿಸಬಹುದು. ಒಂದು ಹಗ್ಗವನ್ನು ಕಿಟಕಿಯ ನಿಂತ ಸರಳುಗಳ ನಡುವೆ ತೂರಿಸಿ ಮೇಲೆ ಕೆಳಗೆ ಅಲುಗಿಸಿದರೆ ಅಲೆ ಆಚೆಗೆ ದಾಟುತ್ತದೆ. ಎಡಕ್ಕೆ ಬಲಕ್ಕೆ ಅಲುಗಿಸಿದರೆ ಸರಳಿಗೆ ಬಡಿದು ನಿಲ್ಲುತ್ತದೆ. ಸೂರ್ಯನಿಂದ ನೇರವಾಗಿ ಬರುವ ಬೆಳಕು ಎಲ್ಲ ದಿಕ್ಕುಗಳಲ್ಲಿಯೂ ಕಂಪಿಸುತ್ತದೆ. ಅದು ನೀರಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ ಅಡ್ಡಲಾಗಿ ಕಂಪಿಸುವ ಪಾಲೇ ಪ್ರಧಾನವಾಗಿ ಉಳಿಯುತ್ತದೆ. ಇದನ್ನೇ ಧ್ರುವೀಕರಣ ಎನ್ನುವುದು. ಈ ಅಡ್ಡ ಕಂಪನವನ್ನು ಮಾತ್ರ ತಡೆಯುವಂತೆ ಕನ್ನಡಕದ ಪದರವನ್ನು ಜೋಡಿಸಿರುತ್ತಾರೆ. ಹೊಳಪು ಅಲ್ಲಿಯೇ ನಿಲ್ಲುತ್ತದೆ; ನೀರಿನೊಳಗಿನಿಂದ ಬರುವ ಬೆಳಕಿನ ಗಣನೀಯ ಪಾಲು ಕಣ್ಣನ್ನು ತಲುಪುತ್ತದೆ. ಸಾಮಾನ್ಯ ಕಪ್ಪು ಕನ್ನಡಕವಾದರೋ ಹೊಳಪನ್ನೂ ಮೀನನ್ನೂ ಒಂದೇ ಪ್ರಮಾಣದಲ್ಲಿ ಮಂಕಾಗಿಸುತ್ತದೆ. ಅದರಿಂದ ಕಣ್ಣಿಗೆ ತಂಪಾದೀತು, ನೋಟಕ್ಕೆ ಲಾಭವಿಲ್ಲ.

ಪ್ರತಿಫಲಿತ ಬೆಳಕಿನ ಈ ಗುಣವನ್ನು 1808ರಲ್ಲಿ ಫ್ರಾನ್ಸಿನ ಮಾಲ್ಯುಸ್ ಗುರುತಿಸಿದನು. ಅದು ಯಾವ ಕೋನದಲ್ಲಿ ಪೂರ್ಣಗೊಳ್ಳುತ್ತದೆ ಎಂಬ ನಿಯಮವನ್ನು 1815ರಲ್ಲಿ ಸ್ಕಾಟ್ಲೆಂಡಿನ ಬ್ರೂಸ್ಟರ್ ನಿರೂಪಿಸಿದನು. ನೀರಿನ ಮಟ್ಟಿಗೆ, ನೋಟವು ನೀರಿನ ಮೈಯೊಂದಿಗೆ ಸುಮಾರು 37 ಡಿಗ್ರಿ ಕೋನವನ್ನು ಮಾಡಿದಾಗ ಪ್ರತಿಫಲನವು ಸಂಪೂರ್ಣವಾಗಿ ಧ್ರುವೀಕೃತವಾಗಿರುತ್ತದೆ. ಈ ಲೆಕ್ಕಕ್ಕೆ ಕೋನಮಾಪಕ ಬೇಡ. ಕಣ್ಣು ನೀರಿನಿಂದ 3 ಅಡಿ ಎತ್ತರದಲ್ಲಿದ್ದರೆ 4 ಅಡಿ ದೂರದ ನೀರನ್ನು, 9 ಅಡಿ ಎತ್ತರದ ದಂಡೆಯಲ್ಲಿದ್ದರೆ 12 ಅಡಿ ದೂರದ ನೀರನ್ನು ನೋಡಬೇಕು. ಅಲ್ಲಿ ಕನ್ನಡಕವು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ನೋಟವು ಬಹಳ ದೂರಕ್ಕೆ ಹೋದಂತೆ ಪ್ರತಿಫಲನ ಹೆಚ್ಚುತ್ತದೆ, ಧ್ರುವೀಕರಣ ಕುಗ್ಗುತ್ತದೆ. ಆಗ ಎಂತಹ ಬೆಲೆಬಾಳುವ ಕನ್ನಡಕವೂ ಅಷ್ಟಾಗಿ ನೆರವಾಗದು. ನುರಿತ ಗಾಳಗಾರನು ದೂರದ ನೀರಿಗಿಂತ ಹತ್ತಿರದ ನೀರನ್ನು ಮೊದಲು ಶೋಧಿಸುವುದಕ್ಕೆ ಇದೂ ಒಂದು ಕಾರಣ.

ಕನ್ನಡನಾಡಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. 1921ರಲ್ಲಿ ಸಿ. ವಿ. ರಾಮನ್ ಅವರು ಇಂಗ್ಲೆಂಡಿನಿಂದ ನಾರ್ಕುಂಡಾ ಹಡಗಿನಲ್ಲಿ ಮರಳುತ್ತಿದ್ದರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೇ ಎಂದು ಲಾರ್ಡ್ ರ್‍ಯಾಲೆ ಅವರಂತಹ ದೊಡ್ಡ ವಿಜ್ಞಾನಿಗಳು ಹೇಳಿದ್ದ ಕಾಲವದು. ರಾಮನ್ ಅವರು ನಿಕೋಲ್ ಪಟ್ಟಕವೆಂಬ ಪುಟ್ಟ ಸಾಧನದ ಮೂಲಕ ಬ್ರೂಸ್ಟರ್ ಹೇಳಿದ ಕೋನದಲ್ಲಿಯೇ ಕಡಲನ್ನು ನೋಡಿದರು. ಆಕಾಶದ ಪ್ರತಿಬಿಂಬ ಅಳಿಯಿತು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಬಣ್ಣವು ನೀರಿನೊಳಗಿನಿಂದಲೇ ಬರುತ್ತಿದೆ ಎಂಬುದು ಖಚಿತವಾಯಿತು. ಆ ವಿಚಾರಸರಣಿಯೇ 1928ರ ರಾಮನ್ ಪರಿಣಾಮದವರೆಗೆ ಬೆಳೆಯಿತು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ಕರ್ನಾಟಕದಲ್ಲಿಯೇ ನೆಲೆಸಿದರು. ಇಂದು ಗಾಳಗಾರನ ಮೂಗಿನ ಮೇಲಿರುವ ಕನ್ನಡಕ ಮಾಡುವ ಕೆಲಸ, ಅಂದು ರಾಮನ್ ಅವರ ಕೈಯಲ್ಲಿದ್ದ ಪಟ್ಟಕ ಮಾಡಿದ ಕೆಲಸವೇ. ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬಾತನು ಧ್ರುವೀಕರಣದ ತೆಳು ಹಾಳೆಯನ್ನು ರೂಪಿಸಿದ ಮೇಲೆ, 1930ರ ದಶಕದಲ್ಲಿ ಅದು ಕನ್ನಡಕವಾಗಿ ಜನರ ಕೈಗೆ ಬಂದಿತು.

ಮೀನು ಕಾಣಿಸುವುದರಿಂದ ಹಿಡಿಯುವುದು ಸುಲಭವಾಗುತ್ತದೆ, ಇದರಿಂದ ನದಿಗೆ ಏನು ಉಪಕಾರ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಉತ್ತರವನ್ನು ಕೃಷ್ಣೆಯ ಕೊಳ್ಳದ ಮೀನೊಂದರ ಕಥೆಯಿಂದಲೇ ಹೇಳಬಹುದು.

ಪುಣೆಯ ಮುಳಾ-ಮುಠಾ ನದಿ ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿನ ಮಹಶೀರ್ ಮೀನನ್ನು 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ವೈಜ್ಞಾನಿಕವಾಗಿ ವರ್ಣಿಸಿದನು. ಟಾರ್ ಖುದ್ರೀ ಎಂಬುದು ಅದರ ಇಂದಿನ ಶಾಸ್ತ್ರೀಯ ನಾಮ. ನೀಲಿ ಛಾಯೆಯ ಈಜುರೆಕ್ಕೆಗಳು ಅದರ ಗುರುತು. ಕಾವೇರಿಯಲ್ಲಿರುವುದು ಬೇರೆಯೇ ಜಾತಿ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ಬಾಲವುಳ್ಳ ಆ ಮಹಶೀರ್ ಜಗತ್ತಿನ ಗಾಳಗಾರರನ್ನೆಲ್ಲ ಮೈಸೂರು ಸೀಮೆಗೆ ಸೆಳೆದಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡು ತೂಕದ ಮಹಶೀರನ್ನು ಗಾಳದಲ್ಲಿ ಹಿಡಿದದ್ದು ಪ್ರಸಿದ್ಧವಾಗಿದೆ. ಮುಂದೆ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು, ಸಂರಕ್ಷಣೆಯೆಂಬ ಸದುದ್ದೇಶದಿಂದಲೇ, ಕಾವೇರಿಗೂ ಬಿಡಲಾಯಿತು. ಕಾವೇರಿ ವನ್ಯಜೀವಿಧಾಮದ ಗಾಳದ ಶಿಬಿರಗಳಲ್ಲಿ ಮೀನನ್ನು ಹಿಡಿದು, ತೂಗಿ, ಬರೆದುಕೊಂಡು, ಜೀವಂತವಾಗಿ ಮರಳಿ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ನೀಲಿ ರೆಕ್ಕೆಯದು ಹೆಚ್ಚುತ್ತ, ಕಿತ್ತಳೆ ಬಾಲದ ಸ್ಥಳೀಯ ಮೀನು ಕಣ್ಮರೆಯಾಗುತ್ತ ಬಂದಿರುವುದು ಬೆಳಕಿಗೆ ಬಂದಿತು. 2018ರಲ್ಲಿ ಅದು ಟಾರ್ ರೆಮಾದೇವಿಯೈ ಎಂಬ ಜಾತಿಗೆ ಸೇರಿದ್ದೆಂದು ಗುರುತಿಸಲ್ಪಟ್ಟಿತು; ಅದೇ ವರ್ಷ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಕೃಷ್ಣೆಯ ಕೊಳ್ಳದ ಮೀನು ಕೃಷ್ಣೆಗೆ ಭೂಷಣ. ಕಾವೇರಿಗೆ ಅದೇ ಹೊರೆಯಾಯಿತು. ಮೇಲಿನಿಂದ ನೋಡುವವರಿಗೆ ಎರಡೂ ಮಹಶೀರ್‌ಗಳೇ, ಎರಡೂ ನೆರಳುಗಳೇ. ರೆಕ್ಕೆ ನೀಲಿಯೋ ಕಿತ್ತಳೆಯೋ ಎಂಬುದು ಹೊಳಪು ಸರಿದಾಗ ಮಾತ್ರ ತಿಳಿಯುತ್ತದೆ. ಕೊಕ್ಕೆ ಹಾಕುವ ಮೊದಲೇ ಅದನ್ನು ತಿಳಿದವನಿಗೆ ಗಾಳವನ್ನು ಬೀಸದೆ ಇರುವ ಸ್ವಾತಂತ್ರ್ಯವಿರುತ್ತದೆ. ಕಾಣದೆ ಎಸೆದವನಿಗೆ ಆ ಸ್ವಾತಂತ್ರ್ಯವಿಲ್ಲ.

ಕಾಲಿನ ವಿಷಯವೂ ಹೀಗೆಯೇ. ಫ್ಲೈ ಫಿಶಿಂಗ್ ಮಾಡುವವರು ನೀರಿಗಿಳಿದು ನಡೆಯುತ್ತಾರೆ. ಮಹಶೀರ್ ತನ್ನ ಮೊಟ್ಟೆಗಳನ್ನು ತಿಳಿನೀರಿನ ಬೆಣಚುಕಲ್ಲುಗಳ ನಡುವೆ ಇಡುತ್ತದೆ. ಮೀನುಗಳಿಗೆ ಆಹಾರವಾಗುವ ಕೀಟಗಳ ಮರಿಗಳೂ ಕಲ್ಲಿನಡಿಯಲ್ಲಿಯೇ ಬೆಳೆಯುತ್ತವೆ. ಕಾಣದ ಕಾಲು ಇವನ್ನು ತುಳಿಯುತ್ತದೆ. ಕಂಡ ಕಾಲು ಬದಿಗೆ ಸರಿಯುತ್ತದೆ.

ಇನ್ನು ನಡೆಯುವವರ ಪ್ರಾಣದ ವಿಷಯ. ಕನ್ನಡಕವು ಹೊಳಪನ್ನು ತೆಗೆಯುತ್ತದೆಯೇ ಹೊರತು ಬೆಳಕಿನ ವಕ್ರೀಭವನವನ್ನು ತೆಗೆಯುವುದಿಲ್ಲ. 4 ಅಡಿ ಆಳದ ನೀರು ನೇರ ಮೇಲಿನಿಂದ ನೋಡಿದವರಿಗೆ 3 ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಳ ಕಂಡಿತೆಂದು ಕಾಲಿಟ್ಟವರು ಮುಳುಗಿದ್ದುಂಟು, ವಿಶೇಷವಾಗಿ ಮರಳು ತೆಗೆದ ಗುಂಡಿಗಳಲ್ಲಿ. ಮಳೆಗಾಲದ ಕೆಂಪು ನೀರಿನಲ್ಲಿ ಯಾವ ಕನ್ನಡಕವೂ ನಿರುಪಯುಕ್ತ. ಮಣ್ಣಿನ ಕಣಗಳು ನೀರಿನೊಳಗೇ ಬೆಳಕನ್ನು ಚದುರಿಸುವುದರಿಂದ ತೆಗೆಯಬೇಕಾದ ತೆರೆ ಮೇಲ್ಮೈಯಲ್ಲಿ ಇರುವುದಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಆದ್ದರಿಂದ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ವಿದ್ಯಾರ್ಥಿಗಳು ದಡದ ಮೇಲಿನಿಂದಲೇ, ಹಿರಿಯರ ಜೊತೆಯಲ್ಲಿ ನದಿಯನ್ನು ನೋಡತಕ್ಕದ್ದು, ನೀರಿಗಿಳಿಯತಕ್ಕದ್ದಲ್ಲ.

ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಮನುಷ್ಯನಿಗೆ ಅಡ್ಡಿಯಾದ ಆ ಹೊಳಪೇ ಕೀಟಗಳಿಗೆ ದಾರಿದೀಪ. ಗಾಳಗಾರನು ಗರಿ ಸುತ್ತಿ ಅನುಕರಿಸುವ ಮೇಫ್ಲೈ ಎಂಬ ಕೀಟವು ಬಹುಕಾಲ ನೀರಿನ ಕಲ್ಲಿನಡಿಯಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಅತ್ಯಲ್ಪ ಕಾಲ ಮಾತ್ರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ನೀರು ಎಲ್ಲಿದೆ ಎಂಬುದನ್ನು ಅದು ಅಡ್ಡಲಾಗಿ ಧ್ರುವೀಕೃತವಾದ ಬೆಳಕಿನಿಂದ ಗುರುತಿಸುತ್ತದೆ. ಹಂಗೇರಿಯ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಳೆಯ ಪಕ್ಕದ ಡಾಂಬರು ರಸ್ತೆಯ ಮೇಲೆಯೂ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆಯೂ ಈ ಕೀಟಗಳು ಮೊಟ್ಟೆಯಿಡುತ್ತವೆ. ಅವುಗಳ ಕಣ್ಣಿಗೆ ಅದೂ ನೀರೇ. ಆ ಮೊಟ್ಟೆಗಳು ಬಿಸಿಲಿಗೆ ಒಣಗುತ್ತವೆ. 2009ರಿಂದ ವಿಜ್ಞಾನಿಗಳು ಇದನ್ನು ಧ್ರುವೀಕೃತ ಬೆಳಕಿನ ಮಾಲಿನ್ಯವೆಂದು ಕರೆಯುತ್ತಿದ್ದಾರೆ. ನದಿಯಂಚಿನ ಹೊಲಗಳಲ್ಲಿ ಕಪ್ಪು ಮಲ್ಚಿಂಗ್ ಹಾಳೆ ಹಾಸುವವರು, ದಡಕ್ಕೆ ತಾಗಿಯೇ ರಸ್ತೆ ನಿರ್ಮಿಸುವವರು ಈ ಸಂಗತಿಯನ್ನು ತಿಳಿದಿರುವುದು ಒಳಿತು. ನದಿ ಮತ್ತು ಹಾಳೆಯ ನಡುವೆ ಮರಗಿಡಗಳ ಒಂದು ಸಾಲು ಇದ್ದರೆ ನೀರಿನ ಕಡೆಯಿಂದ ಆ ಸುಳ್ಳು ಹೊಳಪು ಕಾಣದು. ಕೀಟವಿಲ್ಲದ ನದಿಯಲ್ಲಿ ಮೀನು ಉಳಿಯುವುದಿಲ್ಲ.

ಕನ್ನಡಕ ಕೊಳ್ಳುವವರಿಗೆ ಎರಡು ಮಾತು. ಕಪ್ಪಾಗಿರುವುದೆಲ್ಲ ಧ್ರುವೀಕರಣ ಕನ್ನಡಕವಲ್ಲ. ಅಂಗಡಿಯ ಮುಂದಿನ ಡಾಂಬರು ರಸ್ತೆಯ ಹೊಳಪನ್ನು ಕನ್ನಡಕದ ಮೂಲಕ ನೋಡುತ್ತ ಅದನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಬೇಕು. ಹೊಳಪು ಏರಿಳಿದರೆ ಅದು ಅಸಲಿ. ಇಂತಹ ಎರಡು ಗಾಜುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಹಿಡಿದರೆ ಕತ್ತಲೆಯಾಗುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವುದು ಬೇರೆಯೇ ಗುಣ. ಅದನ್ನೂ ಕೇಳಿ ಪಡೆಯಬೇಕು. ಬೀಸುವ ಕೊಕ್ಕೆಯಿಂದ ಕಣ್ಣಿಗೆ ರಕ್ಷಣೆ ದೊರೆಯುವುದೂ ಸಣ್ಣ ಲಾಭವೇನಲ್ಲ. ಕೊಳ್ಳಲಾಗದವರು ನಿರಾಶರಾಗಬೇಕಿಲ್ಲ. ಎದುರು ದಡದ ಮರವೊಂದರ ಕಪ್ಪು ಪ್ರತಿಬಿಂಬ ನೀರಿನ ಮೇಲೆ ಬೀಳುವಂತೆ ನಿಂತು ನೋಡಿದರೆ, ಆಕಾಶ ಅಳಿದು ಅಷ್ಟು ಜಾಗದಲ್ಲಿ ನದಿಯ ಒಳಗು ತೆರೆಯುತ್ತದೆ. ಮರವಿರುವ ದಡವೇ ಬಡವರ ಕನ್ನಡಕ.

ಆದುದರಿಂದ ಮಳೆ ನಿಂತು ನೀರು ತಿಳಿಯಾದ ಮೇಲೆ, ಬೆಟ್ಟದ ವಿದ್ಯಾರ್ಥಿಗಳು ತಮ್ಮೂರಿನ ಹಳ್ಳದ ಬಳಿ, ಬಯಲಿನ ವಿದ್ಯಾರ್ಥಿಗಳು ದೂಧಗಂಗಾ, ಕೃಷ್ಣೆಯರ ದಂಡೆಯ ಮೇಲೆ, ತಿಂಗಳಿಗೊಮ್ಮೆ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿಗೆ ನಿಲ್ಲಲಿ. ತಳದ ಕಲ್ಲು ಸ್ವಚ್ಛವಾಗಿದೆಯೋ ಪಾಚಿ ಕಟ್ಟಿದೆಯೋ, ಮರಿಮೀನುಗಳಿವೆಯೋ, ಕೀಟಗಳು ಹಾರುತ್ತಿವೆಯೋ ಎಂಬುದನ್ನು ದಿನಾಂಕದೊಂದಿಗೆ ಬರೆದಿಡಲಿ. ಗಾಳಗಾರರು ಬರೆದಿಟ್ಟ ಪುಸ್ತಕಗಳು ಇರದಿದ್ದರೆ ಕಾವೇರಿಯ ಕಿತ್ತಳೆ ಬಾಲದ ಮೀನು ಕಡಿಮೆಯಾದದ್ದು ಹೇಗೆಂದು ಹೇಳಲು ಸಾಕ್ಷಿಯೇ ಸಿಗುತ್ತಿರಲಿಲ್ಲ. ಕೃಷ್ಣೆಗೆ ಅಂತಹ ಪುಸ್ತಕವೊಂದು ಬೇಕಾಗಿದೆ. ಅದನ್ನು ಬರೆಯತೊಡಗಲು ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಕನ್ನಡಕವೊಂದಿದ್ದರೆ ಇನ್ನೂ ಒಳ್ಳೆಯದು.