ವೈದ್ಯನ ಕಾಯಕವೂ ತದ್ವಿದ್ಯಸಂಭಾಷೆಯೂ



ಅನ್ಯರ ನಾಡಿಯನ್ನು ಹಿಡಿದು ನೋಡುವವನ ಬಾಳು ಎಂತಹದೆಂಬುದನ್ನು ಲೋಕವು ವಿಚಾರಿಸುವುದು ಕಡಮೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸಾಮಾನ್ಯ ವೈದ್ಯನು ಒಂದೇ ಅಂಗಕ್ಕೆ, ಒಂದೇ ರೋಗಕ್ಕೆ ಮೀಸಲಾದವನಲ್ಲ. ಮುಂಜಾನೆ ಕೂಸಿನ ಜ್ವರ, ಮಧ್ಯಾಹ್ನ ಮಗ್ಗದ ಮೇಲೆ ಬಾಗಿ ಬಾಗಿ ಬೆನ್ನು ಸೋತ ನೇಕಾರ, ಸಂಜೆಗೆ ದಮ್ಮಿನ ಮುದುಕಿ, ನಡುರಾತ್ರಿಯಲ್ಲಿ ಕಬ್ಬಿನ ಹೊಲದಿಂದ ಹೊತ್ತು ತಂದ ಹಾವು ಕಡಿದ ಆಳು. ಇವರೆಲ್ಲರಿಗೂ ಮೊದಲು ಉತ್ತರ ಹೇಳತಕ್ಕವನು ಅವನೇ. ಆ ಹೊತ್ತಿನಲ್ಲಿ ಅವನ ಬಳಿಯಲ್ಲಿ ಗುರುವಿಲ್ಲ, ಗ್ರಂಥವನ್ನು ತೆರೆಯಲು ಸಮಯವಿಲ್ಲ. ಅವನ ಕಷ್ಟಗಳಲ್ಲೆಲ್ಲ ಹಿರಿದಾದುದು ಈ ಒಂಟಿತನವೇ ಆಗಿದೆ.

ಒಂಟಿಯಾದವನ ವಿದ್ಯೆಯು ಬೇಗನೆ ಹಳತಾಗುವುದು. ಕ್ಷಯರೋಗದ ದೃಷ್ಟಾಂತವೊಂದೇ ಸಾಕು. ಒಂದು ಕಾಲದಲ್ಲಿ ಕ್ಷಯರೋಗಿಯನ್ನು ಮನೆಯಿಂದ ಅಗಲಿಸಿ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗಿಸುವುದೇ ಶ್ರೇಷ್ಠ ಚಿಕಿತ್ಸೆಯೆಂದು ವೈದ್ಯರು ಕಲಿತಿದ್ದರು. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನಾಕೇಂದ್ರವು, ನಿಯಮದಿಂದ ಔಷಧ ಸೇವಿಸಿದರೆ ಬಡವನ ಮನೆಯಲ್ಲಿಯೂ ಅಷ್ಟೇ ಗುಣವಾಗುವುದೆಂದು 1959ರಲ್ಲಿ ತೋರಿಸಿಕೊಟ್ಟಿತು. ಈ ಸುದ್ದಿಯನ್ನು ಅರಿತ ವೈದ್ಯನ ಊರಿನಲ್ಲಿ ರೋಗಿಯು ಹೆಂಡಿರುಮಕ್ಕಳ ನಡುವೆಯೇ ಇದ್ದು ಗುಣಹೊಂದಬಹುದಾಗಿತ್ತು; ಅರಿಯದವನ ಊರಿನಲ್ಲಿ ರೋಗಿಯು ಹೊಲವನ್ನು ಒತ್ತೆಯಿಟ್ಟು ದೂರದ ಊರಿಗೆ ನಡೆಯಬೇಕಾಗಿತ್ತು. ವೈದ್ಯನ ಕಲಿಕೆಯು ನಿಂತುಹೋದರೆ ಅದರ ದಂಡವನ್ನು ತೆರುವವನು ವೈದ್ಯನಲ್ಲ, ರೋಗಿಯು.

ಪ್ರಾಚೀನರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಅಧ್ಯಯನ, ಅಧ್ಯಾಪನಗಳೊಡನೆ ‘ತದ್ವಿದ್ಯಸಂಭಾಷೆ’ಯೆಂಬ ಮೂರನೆಯ ಉಪಾಯವೂ ಹೇಳಲ್ಪಟ್ಟಿದೆ. ಅದೇ ವಿದ್ಯೆಯನ್ನು ಬಲ್ಲವರು ಒಡಗೂಡಿ ಮಾತನಾಡುವುದೆಂದು ಇದರ ಅರ್ಥ. ಇದರಲ್ಲಿ ಎರಡು ಬಗೆ: ಸ್ನೇಹದಿಂದ ನಡೆಯುವ ಸಂಧಾಯಸಂಭಾಷೆ, ಗೆಲ್ಲಬೇಕೆಂಬ ಛಲದಿಂದ ನಡೆಯುವ ವಿಗೃಹ್ಯಸಂಭಾಷೆ. ಮೊದಲನೆಯದರಲ್ಲಿ ಸಂಶಯಗಳು ಕರಗುವುವು; ಅರಿತದ್ದು ದೃಢವಾಗುವುದು; ಅರಿಯದುದು ಕೈಸೇರುವುದು. ಗ್ರಂಥವು ಹಳೆಯದಾದರೂ ಮಾತು ಹಳೆಯದಾಗಿಲ್ಲ.

ಈ ಸೀಮೆಯ ಇತಿಹಾಸವು ವೈದ್ಯರ ಕೂಟಕ್ಕೆ ಅನುಕೂಲವಾಗಿರಲಿಲ್ಲ. ಜಮಖಂಡಿ, ಮುಧೋಳಗಳು ಬೇರೆ ಬೇರೆ ಸಂಸ್ಥಾನಗಳು. ಬೀಳಗಿಯು ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿದ್ದಿತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಏರ್ಪಟ್ಟಿತು. ಆದರೂ ಒಗ್ಗಟ್ಟಿನ ಮೇಲ್ಪಂಕ್ತಿಯು ದೂರದಲ್ಲಿರಲಿಲ್ಲ. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಡಾ. ಕೊಕಟನೂರ, ಡಾ. ಹರ್ಡೀಕರ ಮೊದಲಾದವರು 1929ರಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದರು. ಅದಕ್ಕೆ ಒಂದು ವರ್ಷ ಮೊದಲು, 1928ರಲ್ಲಿ, ಕಲಕತ್ತೆಯಲ್ಲಿ ಭಾರತೀಯ ವೈದ್ಯಕೀಯ ಸಂಘವು ಜನ್ಮ ತಾಳಿದ್ದಿತು. ಊರೂರ ವೈದ್ಯರು ಒಂದೆಡೆ ಕುಳಿತು ತಮ್ಮ ಅನುಭವಗಳನ್ನು ಹಂಚಿಕೊಳ್ಳುವ ಪರಿಪಾಠವು ಇಂತಹ ಸಂಘಗಳಿಂದ ಬೆಳೆಯಿತು.

ಇಂತಹ ಕೂಟದಿಂದ ಏನು ಲಾಭವೆಂದು ಕೇಳಬಹುದು. ಹಾವು ಕಡಿದವನ ರಕ್ತವನ್ನು ಒಣಗಿದ ಶುಭ್ರವಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು ನೋಡುವ ಪರೀಕ್ಷೆಯೊಂದುಂಟು. ಅಷ್ಟರೊಳಗೆ ಹೆಪ್ಪುಗಟ್ಟದಿದ್ದರೆ ವಿಷವು ರಕ್ತವನ್ನು ಕೆಡಿಸಿದೆಯೆಂದೂ ವಿಷಪ್ರತಿರೋಧಕ ಔಷಧವು ಬೇಕೆಂದೂ ತಿಳಿಯುವುದು. ಇದಕ್ಕೆ ದೊಡ್ಡ ಯಂತ್ರವು ಬೇಡ. ಬಲ್ಲವನೊಬ್ಬನು ಅರಿಯದವನಿಗೆ ಹೇಳಿದರೆ ಸಾಕು. ಆ ಒಂದು ಮಾತಿನಿಂದ ಒಂದು ಮನೆಯ ದೀಪವು ಉಳಿಯುವುದು.

ಆದರೆ ಕೂಟಕ್ಕೆ ಬರಬೇಕಾದರೆ ಅಹಂಕಾರವನ್ನು ಬಾಗಿಲಲ್ಲಿ ಬಿಡಬೇಕು. “ಈ ರೋಗವು ನನಗೆ ತಿಳಿಯಲೊಲ್ಲದು, ಇಂಥವರಲ್ಲಿಗೆ ಹೋಗಿರಿ” ಎನ್ನುವುದಕ್ಕೆ ಧೈರ್ಯವು ಬೇಕು. ಹೀಗೆ ಹೇಳಿದರೆ ರೋಗಿಯು ಮರಳಿ ಬಾರನೆಂಬ ಭಯದಿಂದ ಗುಳಿಗೆಗಳನ್ನು ಬದಲಿಸುತ್ತ ದಿನಗಳೆಯುವವನು ನೇಕಾರನ ಕೂಲಿಯನ್ನೂ ಆಯುಷ್ಯವನ್ನೂ ಕಳೆಯುತ್ತಾನೆ. ಇನ್ನು, ರೋಗಿಯನ್ನು ಕಳಿಸಿದ್ದಕ್ಕಾಗಿ ದಲ್ಲಾಳಿ ತೆಗೆದುಕೊಳ್ಳುವುದು ಇದಕ್ಕಿಂತ ಕೆಟ್ಟದು. 2002ರ ವೈದ್ಯರ ನಡವಳಿಕೆಯ ನಿಯಮಾವಳಿಯು ಇದನ್ನು ಸ್ಪಷ್ಟವಾಗಿ ನಿಷೇಧಿಸಿತು. 5 ವರ್ಷಗಳಲ್ಲಿ 30 ಗಂಟೆಗಳಷ್ಟಾದರೂ ವೈದ್ಯನು ಹೊಸ ವಿದ್ಯೆಯನ್ನು ಕಲಿಯಬೇಕೆಂದೂ ಹೇಳಿತು. ಕಾಯಕದ ಶುದ್ಧಿಯನ್ನು ಬಲ್ಲ ಶರಣರ ನಾಡಿನಲ್ಲಿ ಇದಕ್ಕೆ ಸರಕಾರದ ಕಟ್ಟಳೆಯ ದಾರಿ ಕಾಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬಾತನೂ ಇದ್ದನೆಂಬುದು ಸದ್ಭಕ್ತರಿಗೆ ವಿದಿತವೇ ಇದೆ.

ಜನರ ಹೊಣೆಯೂ ಇಲ್ಲದಿಲ್ಲ. ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ್ದಾನೆ. ಕರ್ನಾಟಕದ ಹಳ್ಳಿಗಳನ್ನೂ ಕಾಡಿದ ನಾರುಹುಣ್ಣಿಗೆ ಲಸಿಕೆಯೂ ಇರಲಿಲ್ಲ, ನೇರಾದ ಮದ್ದೂ ಇರಲಿಲ್ಲ. ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿದರು. ಹುಣ್ಣಾದವರು ಬಾವಿಗೆ ಇಳಿಯುವುದನ್ನು ಬಿಟ್ಟರು. 2000ರಲ್ಲಿ ಭಾರತವು ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಅದು ವೈದ್ಯರೂ ಜನರೂ ಕೂಡಿ ಪಡೆದ ಜಯ.

ಆದುದರಿಂದ ಸೂಜಿಯನ್ನೇ ಚುಚ್ಚಬೇಕೆಂದು ವೈದ್ಯನನ್ನು ಕಾಡಬಾರದು. ತನಗೆ ತಿಳಿಯದೆಂದು ಒಪ್ಪಿ ಮುಂದಕ್ಕೆ ಕಳಿಸಿದವನನ್ನು ಹೀಯಾಳಿಸದೆ ಗೌರವಿಸತಕ್ಕದ್ದು. ವೈದ್ಯರ ಸಭೆಯಿದೆಯೆಂದು ಒಂದು ಸಂಜೆ ದವಾಖಾನೆಯ ಕದವು ಮುಚ್ಚಿದ್ದರೆ ಗೊಣಗದಿರುವುದು ಲೇಸು. ಅಂದು ಅಲ್ಲಿ ಕೇಳಿದ ಮಾತು ನಾಳೆ ಇದೇ ಓಣಿಯ ಒಂದು ಜೀವವನ್ನು ಉಳಿಸೀತು.

ಸರ್ವರಿಗೂ ಆರೋಗ್ಯಭಾಗ್ಯವು ಲಭಿಸಲಿ. ಶರಣು ಶರಣಾರ್ಥಿ.