ಎದೆಬಡಿತ ನಿಂತಾಗ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವೈದ್ಯರು ಆಡಬೇಕಾದ ಮಾತನ್ನು ಗಿರಣಿಯ ಗುಮಾಸ್ತರಾದ ನಾವು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಹೃದಯ ನಿಂತ ಮೊದಲ ಐದು ನಿಮಿಷ ವೈದ್ಯರು ಅಲ್ಲಿರುವುದು ಅಪರೂಪ. ಇರುವವರು ನಮ್ಮ ನಿಮ್ಮಂಥವರೇ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ಪರಸ್ಥಳದಲ್ಲಿರುವ ನಾವೂ ಮನೆಯವರನ್ನೇ ಕಳೆದುಕೊಂಡಂತೆ ಅತ್ತೆವು. ಅಂದಿನಿಂದ ಎಲ್ಲರ ಬಾಯಲ್ಲೂ ಹೃದಯಾಘಾತದ್ದೇ ಮಾತು. ಆದರೆ ಹೃದಯಾಘಾತ, ಹೃದಯಸ್ತಂಭನ ಇವೆರಡೂ ಒಂದೇ ಅಲ್ಲ. ಆಘಾತವೆಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಮನುಷ್ಯ ಬೆವರುತ್ತಾನೆ, ಎದೆನೋವೆನ್ನುತ್ತಾನೆ. ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಸ್ತಂಭನದಲ್ಲಿ ಬಡಿತವೇ ನಿಲ್ಲುತ್ತದೆ. ಮನುಷ್ಯ ಕುಸಿದುಬೀಳುತ್ತಾನೆ, ಕೂಗಿದರೂ ಓಗೊಡುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ತಿರುಗುವುದೂ ಉಂಟು.

ಆಗ ನಮ್ಮ ಚಾಳುಗಳಲ್ಲಿ ನಡೆಯುವುದೇನು? ಒಬ್ಬರು ಬಾಯಿಗೆ ನೀರು ಬಿಡುತ್ತಾರೆ, ಒಬ್ಬರು ಈರುಳ್ಳಿ ಮೂಸಿಸುತ್ತಾರೆ, ಇನ್ನೊಬ್ಬರು ಕೈಗೆ ಬೀಗದಕೈ ತುರುಕುತ್ತಾರೆ. ಉಳಿದವರು ಸುತ್ತಲೂ ಗೋಡೆಯಂತೆ ನಿಲ್ಲುತ್ತಾರೆ. "ಇನ್ನೂ ಉಸಿರಿದೆ, ನೋಡಿ" ಎಂದು ಯಾರೋ ಸಮಾಧಾನ ಹೇಳುತ್ತಾರೆ. ಈ ಸಮಾಧಾನ ನೀರಿಗಿಂತಲೂ ಕೆಟ್ಟದ್ದು! ಪ್ರಜ್ಞೆ ತಪ್ಪಿದವನು ಬಿಟ್ಟು ಬಿಟ್ಟು ಬಾಯಿ ತೆರೆದು, ಗೊರಕೆಯಂಥ ಸದ್ದು ಮಾಡುತ್ತಿದ್ದರೆ ಅದು ಉಸಿರಾಟವಲ್ಲ, ಹೃದಯ ನಿಂತ ಗುರುತು. ನಾಲ್ಕೈದು ನಿಮಿಷ ರಕ್ತ ಹರಿಯದಿದ್ದರೆ ಮೆದುಳು ಕೆಡತೊಡಗುತ್ತದೆ.

ಒಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಇನ್ನೊಬ್ಬರು ಆತನನ್ನು ನೆಲದ ಮೇಲೆ ಅಂಗಾತ ಮಲಗಿಸಲಿ. ಮಂಚ ಬೇಡ, ಅಲ್ಲಿ ಒತ್ತಿದರೆ ತಗ್ಗುವುದು ಹಾಸಿಗೆ, ಎದೆಯಲ್ಲ. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ಮೈಭಾರ ಹಾಕಿ ಎರಡು ಅಂಗುಲದಷ್ಟು ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ತೋಳು ಬೇಗ ಸೋಲುತ್ತದೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ತರಬೇತಿಯಿಲ್ಲದವರು ದೊಡ್ಡವರಿಗೆ ಬಾಯಿಂದ ಉಸಿರು ಕೊಡದಿದ್ದರೂ ನಡೆದೀತು, ಒತ್ತುವುದು ಮಾತ್ರ ನಿಲ್ಲಬಾರದು.

ಈ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಿಂದ ಪ್ರಕಟಿಸಿದ ಮೂವರಲ್ಲಿ ಕೌವೆನ್‌ಹೋವೆನ್, ನಿಕರ್‌ಬಾಕರ್ ಇಬ್ಬರೂ ವೈದ್ಯರಲ್ಲ, ವಿದ್ಯುತ್ ಶಾಸ್ತ್ರದವರು! ಗುಮಾಸ್ತರಿಗೇಕೆ ಸಂಕೋಚ?

ಪಕ್ಕೆಲುಬು ಮುರಿದೀತೆಂದು ಕೆಲವರ ಅಂಜಿಕೆ. ಮುರಿಯಲೂಬಹುದು, ಮುರಿದ ಎಲುಬು ಕೂಡುತ್ತದೆ. ಆತ ಕಣ್ಣು ತೆರೆಯುವವರೆಗೆ, ಇಲ್ಲವೆ ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ ಒತ್ತುತ್ತಲೇ ಇರಬೇಕು.

ಬರುವ ಭಾನುವಾರ ಪತ್ರಿಕೆಗಳ ಮೇಜನ್ನು ಸರಿಸಿ ಇಲ್ಲಿಯೇ ಚಾಪೆ ಹಾಸುತ್ತೇವೆ. ಬಿಗಿಯಾದ ದಿಂಬೊಂದನ್ನು ತನ್ನಿ, ಒತ್ತಿ ನೋಡೋಣ. ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ. ನಾವು ಪಾಳಿಗೆ ಹೋದಾಗ ಮನೆಯಲ್ಲಿರುವವರು ಅವರೇ ಅಲ್ಲವೆ?