ಎದೆಗೂಡಿನ ನೀರು

ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ ಎಂದು ಆಸ್ಪತ್ರೆಗಳಲ್ಲಿ ಜನ ಆಡಿಕೊಳ್ಳುವುದನ್ನು ಕೇಳಿರುತ್ತೀರಿ. ಎಷ್ಟೋ ಸಲ ಆ ನೀರು ನಿಂತಿರುವುದು ಶ್ವಾಸಕೋಶದ ಒಳಗಲ್ಲ, ಅದರ ಹೊರಗೆ, ಪ್ಲೂರಾ ಎಂಬ ಎರಡು ತೆಳು ಪೊರೆಗಳ ನಡುವೆ. ಪೊರೆಗಳು ಒಂದಕ್ಕೊಂದು ಉಜ್ಜದಿರಲೆಂದು ಅಲ್ಲಿ ಎಲ್ಲರಿಗೂ ಒಂದೆರಡು ಚಮಚ ದ್ರವ ಇದ್ದೇ ಇರುತ್ತದೆ. ಅದು ಲೀಟರುಗಟ್ಟಲೆ ಏರಿದರೆ ಶ್ವಾಸಕೋಶ ಹಿಗ್ಗಲಾರದೆ ಏದುಸಿರು ಬರುತ್ತದೆ.

ಕಣ್ಣಿಗೆ ಕಾಣದ ಈ ನೀರಿನ ಜಾಡು ಮೊದಲು ಸಿಕ್ಕಿದ್ದು ಕಿವಿಗೆ. ಹಿಪೊಕ್ರಟಿಸ್ ಪರಂಪರೆಯ ಗ್ರೀಕ್ ವೈದ್ಯರು ರೋಗಿಯ ಭುಜ ಹಿಡಿದು ಕುಲುಕಿ, ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದರು. ಸದ್ದು ಬಂದ ಕಡೆ ಪಕ್ಕೆಲುಬುಗಳ ನಡುವೆ ಕೊಯ್ದು ಕೀವು ಹರಿಸುತ್ತಿದ್ದರು.

ಮುಂದಿನ ದೊಡ್ಡ ಹೆಜ್ಜೆಗೆ 1761ರವರೆಗೆ ಕಾಯಬೇಕಾಯಿತು. ವಿಯೆನ್ನಾದ ವೈದ್ಯ ಲಿಯೊಪೋಲ್ಡ್ ಔಎನ್‌ಬ್ರುಗರ್, ಗ್ರಾಟ್ಸ್ ಊರಿನ ವಸತಿಗೃಹದ ಯಜಮಾನನ ಮಗ. ಬೆರಳ ತುದಿಗಳನ್ನು ಜೋಡಿಸಿ ಎದೆಯ ಮೇಲೆ ಮೆಲ್ಲನೆ ತಟ್ಟಿದರೆ, ಗಾಳಿಯಿರುವ ಕಡೆ ಗುಂಯ್ಗುಡುತ್ತದೆ, ನೀರಿರುವ ಕಡೆ ಸದ್ದು ಮಂಕಾಗುತ್ತದೆ ಎಂದು ಆತ ಬರೆದ. ಬರೀ ಊಹೆಯಲ್ಲ: ಶವದ ಎದೆಗೂಡಿಗೆ ದ್ರವ ತುಂಬಿಸಿ, ತಟ್ಟಿ, ಸದ್ದು ಬದಲಾಗುವ ಮಟ್ಟವನ್ನು ಪರೀಕ್ಷಿಸಿದ್ದ. ಇಷ್ಟು ಶ್ರಮದ ಕೆಲಸವನ್ನು ಹೆಚ್ಚಿನವರು ಕಡೆಗಣಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. 1808ರಲ್ಲಿ ಫ್ರೆಂಚ್ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚ್‌ಗೆ ತಂದ ಮೇಲಷ್ಟೇ ಅದಕ್ಕೆ ಬೆಲೆ ಬಂತು. 1816ರಲ್ಲಿ ಇನ್ನೊಬ್ಬ ಫ್ರೆಂಚ್ ವೈದ್ಯ ಲಾಯೆನೆಕ್‌ನ ಸ್ಟೆತೊಸ್ಕೋಪ್, 1895ರಲ್ಲಿ ಎಕ್ಸ್‌ರೇ ಬಂದವು.

ನೀರಿದೆ ಎಂದು ತಿಳಿದರೆ ಸಾಲದು, ಯಾವಾಗ ಹೇಗೆ ತೆಗೆಯಬೇಕೆಂಬುದನ್ನೂ ಕಲಿಯಬೇಕಿತ್ತು. 1918ರಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ನ್ಯುಮೋನಿಯಾದಿಂದ ಕೀವುಗಟ್ಟಿದ ಸೈನಿಕರ ಎದೆಯನ್ನು ಅವಸರದಲ್ಲಿ ಕೊಯ್ದು ತೆರೆಯುತ್ತಿದ್ದರು. ಹೊರಗಾಳಿ ನುಗ್ಗಿ ಶ್ವಾಸಕೋಶ ಕುಸಿದು ಎಷ್ಟೋ ಜನ ಸತ್ತರು. ಇದನ್ನು ಪರಿಶೀಲಿಸಿದ, ಶಸ್ತ್ರವೈದ್ಯ ಎವಾರ್ಟ್ಸ್ ಗ್ರಹಾಂ ಇದ್ದ ಸೇನಾ ಸಮಿತಿ, ಮೊದಲ ದಿನಗಳಲ್ಲಿ ಗಾಳಿ ಒಳಹೋಗದಂತೆ ಕೀವು ತೆಗೆಯಿರಿ ಎಂದಿತು. ಸಾವುಗಳು ಬಹಳ ಇಳಿದವು.

1972ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಲೈಟ್ ತಂಡ ನೀರಿನ ಜಾತಿ ಗುರುತಿಸಲು ಅಳತೆಗೋಲು ಕೊಟ್ಟಿತು. ದ್ರವದ ಪ್ರೋಟೀನು ರಕ್ತದ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚಿದ್ದರೆ, ಅಥವಾ ಎಲ್‌ಡಿಎಚ್ ಎಂಬ ಕಿಣ್ವ ಏರಿದ್ದರೆ, ಪೊರೆಗೇ ಪೆಟ್ಟಾಗಿದೆ ಎಂದು ಶಂಕಿಸಬೇಕು: ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್. ಇಲ್ಲವಾದರೆ ಸಾಮಾನ್ಯವಾಗಿ ಸೋತ ಹೃದಯ, ಕೆಟ್ಟ ಪಿತ್ತಜನಕಾಂಗ ಅಥವಾ ಮೂತ್ರಪಿಂಡದಿಂದ ಸೋರಿದ ನೀರು. ಅದಕ್ಕೇ ಮೊದಲ ಸಲ ಸೂಜಿಯಲ್ಲಿ ತೆಗೆದ ನೀರು ಲ್ಯಾಬಿಗೆ ಹೋಗಲೇಬೇಕು. ನಮ್ಮಲ್ಲಿ ಹರೆಯದವರಿಗೆ ಜ್ವರ, ಪಕ್ಕೆನೋವಿನೊಡನೆ ಒಂದೇ ಬದಿಯಲ್ಲಿ ನೀರು ತುಂಬಿದರೆ ವೈದ್ಯರು ಮೊದಲು ನೆನೆಯುವುದು ಕ್ಷಯವನ್ನೇ. ಅದಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.